ಬಾವೊಬಾಬ್ ಎಲೆಗಳಿಗೆ ಕೊಟ್ಟ ಒಂದೇ ಪ್ಯಾನೆಲ್

ಸುಂಡಿಯಾಟಾ ಕೇಟಾನ ಕಥೆಯನ್ನು ಗ್ರಾಫಿಕ್ ಕಾದಂಬರಿಯಾಗಿಸುವ ಕೆಲಸ ನಮ್ಮ ಸ್ಟುಡಿಯೊಗೆ ಬಂದಾಗ ಥಂಬ್‌ನೇಲ್‌ಗಳ, ಅಂದರೆ ಪ್ರತಿ ಪುಟದ ಪುಟ್ಟ ಕರಡು ಚಿತ್ರಗಳ, ಹೊಣೆ ನನ್ನದಾಗಿತ್ತು. 13ನೆಯ ಶತಮಾನದಲ್ಲಿ ಪಶ್ಚಿಮ ಆಫ್ರಿಕಾದ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಈ ದೊರೆ ಬಾಲ್ಯದಲ್ಲಿ ನಡೆಯಲಾರದವನಾಗಿದ್ದನು. ಕಬ್ಬಿಣದ ಸಲಾಕೆಯನ್ನು ಊರಿ ಮೊದಲ ಬಾರಿಗೆ ಎದ್ದು ನಿಂತಾಗ ಆ ಸಲಾಕೆಯೇ ಬಿಲ್ಲಿನಂತೆ ಬಾಗಿತು ಎಂದು ಮಾಂಡೆ ಜನರ ಕಥನಗಾರರಾದ ಜೆಲಿಗಳು ಹೇಳುತ್ತಾರೆ. ಆ ಕ್ಷಣಕ್ಕೆ ನಾನು ಎರಡು ಪುಟಗಳ ಸ್ಪ್ಲ್ಯಾಶ್, ಅಂದರೆ ಪುಟಗಳನ್ನು ಪೂರ್ತಿ ತುಂಬುವ ಒಂದೇ ಚಿತ್ರ, ಕೊಟ್ಟೆ. ಅದಕ್ಕೆ ಕಾರಣವಾದ ಸಂಗತಿಯನ್ನು ಹಿಂದಿನ ಪುಟದ ಮೂಲೆಯ ಒಂದು ಪ್ಯಾನೆಲ್‌ನಲ್ಲಿ (ಚಿತ್ರದ ಚೌಕಟ್ಟಿನಲ್ಲಿ) ಮುಗಿಸಿದೆ. ಕಥೆಯನ್ನು ಓದುವ ಮೊದಲೇ ಪುಟಗಳ ಸಂಖ್ಯೆಯನ್ನು ನಿಗದಿಪಡಿಸುವ ಆಡಳಿತದ ಪದ್ಧತಿ ತಪ್ಪೆಂದು ಈಗಲೂ ಹೇಳುತ್ತೇನೆ. ಆದರೆ ಏನನ್ನು ಕತ್ತರಿಸಬೇಕೆಂದು ಆರಿಸಿದವನು ನಾನೇ.

ಪೆನ್ಸಿಲ್ ಚಿತ್ರಗಳು ಮುಗಿದು, ಅವುಗಳ ಮೇಲೆ ಶಾಯಿ ಎಳೆಯುವ ಇಂಕಿಂಗ್ ಅರ್ಧವಾಗಿದ್ದಾಗ, ಜೆಲಿಗಳ ಕಥನವನ್ನು ಕೇಳುತ್ತಲೇ ಬೆಳೆದಿದ್ದ ಗಿನಿಯ ಪರಿಶೀಲಕರೊಬ್ಬರೊಂದಿಗೆ ವಿಡಿಯೊ ಸಭೆ ನಡೆಯಿತು. ಅವರು ಸ್ಪ್ಲ್ಯಾಶನ್ನು ಬಹಳ ಹೊತ್ತು ನೋಡಿ, "ಹುಡುಗ ಆ ದಿನವೇ ಏಕೆ ಎದ್ದ?" ಎಂದು ಕೇಳಿದರು. ನಾನು ವಿಧಿ, ಭವಿಷ್ಯವಾಣಿ ಎಂದೆಲ್ಲ ವಿವರಿಸತೊಡಗಿದೆ. ಅವರು ತಡೆಯಲಿಲ್ಲ, ನನ್ನ ಮಾತು ಮುಗಿದ ಮೇಲೂ ಸುಮ್ಮನೆ ಕಾದರು. ಕೊನೆಗೆ ನಾನೇ ಪುಟವನ್ನು ಹಿಂದಕ್ಕೆ ಸರಿಸಿ, ಆ ಮೂಲೆಯ ಪ್ಯಾನೆಲನ್ನು ಎಲ್ಲರೆದುರು ಹಿಗ್ಗಿಸಿದೆ. ತಾಯಿ ಸೊಗೊಲೊನ್‌ಳ ಮುಖವನ್ನೇ ನಾನು ಬರೆದಿರಲಿಲ್ಲ. ಅಲ್ಲಿ ಅವಳ ಬೆನ್ನು ಮಾತ್ರ ಇತ್ತು.

ನಾವು ಆಧಾರವಾಗಿ ಇಟ್ಟುಕೊಂಡಿದ್ದ ನಿರೂಪಣೆಯಲ್ಲಿ, ಅಡುಗೆಗೆ ಬಾವೊಬಾಬ್ ಎಲೆಗಳಿಲ್ಲದೆ ಸೊಗೊಲೊನ್ ಸವತಿ ಸಸ್ಸೂಮಾಳ ಮುಂದೆ ಕೈಚಾಚುತ್ತಾಳೆ. (ನಮ್ಮ ಸವಣೂರಿನಲ್ಲಿ ದೊಡ್ಡ ಹುಣಸೆ ಎಂದು ಕರೆಯುವುದು ಇದೇ ಮರವನ್ನು.) ಎಲೆಗಳನ್ನು ಕಿತ್ತು ತಂದವನು ತನ್ನ ಮಗ, ನಿನ್ನ ಮಗನಿಗೋ ನಡೆಯಲೂ ಬಾರದು ಎಂದು ಸವತಿ ಚುಚ್ಚುತ್ತಾಳೆ. ತಾಯಿಯ ಕಣ್ಣೀರನ್ನು ಕಂಡ ಮಗ ಆಗ ಸಲಾಕೆಯನ್ನು ತರಿಸುತ್ತಾನೆ. ಎದ್ದವನೇ ಹೋಗಿ ಮರವನ್ನೇ ಬೇರುಸಹಿತ ಕಿತ್ತು ಅವಳ ಗುಡಿಸಲ ಮುಂದೆ ತಂದಿಳಿಸುತ್ತಾನೆ. ಸಾಮ್ರಾಜ್ಯದ ಕಥೆಗೆ ಅಡುಗೆಯ ಸೊಪ್ಪು ಮುಖ್ಯವಲ್ಲವೆಂದು ನಾನು ಎಣಿಸಿದ್ದೆ.

ಎಲೆಗಳ ಆ ದೃಶ್ಯಕ್ಕೆ ಜಾಗ ಮಾಡಲು, ಸ್ಪ್ಲ್ಯಾಶ್ ಎದುರುಬದುರು ಪುಟಗಳಲ್ಲಿಯೇ ಉಳಿಯಬೇಕಾದ್ದರಿಂದ ಎರಡು ಇಲ್ಲವೆ ನಾಲ್ಕು ಪುಟಗಳನ್ನು ಸೇರಿಸಬೇಕಿತ್ತು. ಸುಮಾರು 1235ರಲ್ಲಿ ಸುಂಡಿಯಾಟಾ ಗೆದ್ದ ಕಿರಿನಾ ಯುದ್ಧದ ಭಾಗದಿಂದ ನಾಲ್ಕು ಪುಟಗಳನ್ನು ತೆಗೆದೆವು. ಅವುಗಳ ಇಂಕಿಂಗ್ ಮುಗಿಸಿದ್ದ ಸಹೋದ್ಯೋಗಿಯ ಕ್ಷಮೆಯನ್ನು ನಾನು ಅಂದೇ ಕೇಳಿದೆ. ಈಗ ತಿರುವುವ ಮುನ್ನದ ಪುಟದ ಕೊನೆಯ ಪ್ಯಾನೆಲ್‌ನಲ್ಲಿ ಸೊಗೊಲೊನ್‌ಳ ಮುಖವಿದೆ, ಅವಳ ಅಂಗೈಯಲ್ಲಿ ಸವತಿ ಕೊಟ್ಟ ಎಲೆಗಳಿವೆ.