ದುಬೈ ಫ್ಲಾಟಿಗೆ ಕುಡಿಕಡ ಎಲ್ಲಿ ಸಿಗುತ್ತದೆ?

ಕಾಸರಗೋಡಿನ ಬದಿಯಡ್ಕದಲ್ಲಿ 10 ಸೆಂಟ್ಸ್ ಜಾಗ ಕೊಳ್ಳುವಾಗ ಅಪ್ಪ ಮುನ್ನಾಧಾರ (ಜಾಗದ ಹಿಂದಿನ ದಸ್ತಾವೇಜು), ಕುಡಿಕಡ ಸರ್ಟಿಫಿಕೇಟು (ಜಾಗದ ಮೇಲಿನ ಋಣಭಾರ ತೋರಿಸುವ ಪತ್ರ) ಎಂದು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಏಳು ಸಲ ಎಡತಾಕಿದ್ದರು. ಅವರ ಕಿರಿಮಗ, ನನ್ನ ತಮ್ಮ, ದುಬೈಯಲ್ಲಿ ಇನ್ನೂ ಕಟ್ಟಿಯೇ ಆಗದ ಫ್ಲಾಟಿಗೆ ವಾಟ್ಸಾಪ್ ಚಿತ್ರ ನೋಡಿ ಮುಂಗಡ ಕೊಡಲು ಹೊರಟಿದ್ದ!

"ಅಣ್ಣಾ, ನಾಳೆಯಿಂದ ರೇಟು ಏರ್ತದಂತೆ" ಅಂದ. ಏರಲಿ ಮಾರಾಯ, ದುಡ್ಡು ಯಾರ ಖಾತೆಗೆ ಹೋಗ್ತದೆ ಅಂತ ಮೊದಲು ಹೇಳು ಅಂದೆ. ಏಜೆಂಟನ ಖಾತೆಗಂತೆ. ಅಲ್ಲಿಯ 2007ರ 8ನೇ ಕಾನೂನಿನ ಪ್ರಕಾರ, ಕಟ್ಟುವ ಮೊದಲೇ ಮಾರುವ ಫ್ಲಾಟಿನ ಹಣ ಆ ಯೋಜನೆಯದ್ದೇ ಎಸ್ಕ್ರೋ ಖಾತೆಗೆ, ಅಂದರೆ ಆ ಕಟ್ಟಡದ ಕೆಲಸಕ್ಕೆಂದೇ ಮೀಸಲಿಟ್ಟ ಬ್ಯಾಂಕ್ ಖಾತೆಗೆ, ಬೀಳಬೇಕು. ಖರೀದಿ ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿನ 'ಉಕೂದ್' ಎಂಬ, ಕಟ್ಟುವ ಮೊದಲೇ ಮಾರಿದ ಫ್ಲಾಟುಗಳ ನೋಂದಣಿಗೆ ಏರಬೇಕು. ವಿದೇಶಿಯರಿಗೆ ಪೂರ್ಣ ಒಡೆತನ ಸಿಗುವುದು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ. ನೋಂದಣಿ ಶುಲ್ಕವೇ ಬೆಲೆಯ ಶೇಕಡಾ 4; ಏಜೆಂಟನ ಲೆಕ್ಕದಲ್ಲಿ ಅದರ ಸುದ್ದಿಯೇ ಇರಲಿಲ್ಲ.

ನಾನೂ ಪಾಲು ಹಾಕಬೇಕೆಂದು ಅವನ ಆಸೆ. ಭಾರತದಲ್ಲಿರುವವರು ಒಂದು ಆರ್ಥಿಕ ವರ್ಷದಲ್ಲಿ ಹೊರಗೆ ಕಳಿಸಬಹುದಾದದ್ದು ತಲಾ 2,50,000 ಡಾಲರ್. ನನ್ನ ಅಡಿಕೆ ತೋಟಕ್ಕೆ ಆ ಮಿತಿ ದಾಟುವ ಭಯ ಇಲ್ಲ ಬಿಡಿ. ಆದರೆ ದಾಖಲೆಯಲ್ಲಿ ನನ್ನ ಹೆಸರು ಬಂದರೆ ಪ್ರತಿವರ್ಷ ತೆರಿಗೆ ರಿಟರ್ನಿನ ಶೆಡ್ಯೂಲ್ ಎಫ್‌ಎ ಎಂಬ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು. ಮರೆತರೆ 2015ರ ಕಪ್ಪುಹಣ ಕಾನೂನಿನಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಎಸ್ಕ್ರೋ ಖಾತೆಯ ನಂಬರ್ ಕೇಳಿದ ಮೇಲೆ ಏಜೆಂಟ್ ಫೋನ್ ಎತ್ತುತ್ತಿಲ್ಲ. ಅಪ್ಪನಿಗೆ ಎಲ್ಲ ವಿವರಿಸಿದೆ. ಎಲೆಯಡಿಕೆ ಬಾಯಲ್ಲಿಟ್ಟುಕೊಂಡೇ, "ಮುನ್ನಾಧಾರ ಕೇಳಿದನಾ?" ಅಂದರು.