ಸಭಾಧ್ಯಕ್ಷರ ಪೀಠದಲ್ಲಿ ನಮ್ಮ ಹುಡುಗಿ

2024ರ ಆಗಸ್ಟ್ ತಿಂಗಳಲ್ಲಿ, ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತಿರುವ ಮಧುಗಿರಿ ಕಡೆಯ ಪದವಿಪೂರ್ವ ಕಾಲೇಜಿನಲ್ಲಿ ಅಣಕು ವಿಧಾನಸಭೆಯೊಂದನ್ನು ಏರ್ಪಡಿಸಿದ್ದೆವು. ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕ, ಮಂತ್ರಿಗಳು ಹೀಗೆ ಎಲ್ಲ ಪಾತ್ರಗಳನ್ನೂ ಹುಡುಗರು ಅರ್ಧ ಗಂಟೆಯೊಳಗೆ ತಮ್ಮತಮ್ಮಲ್ಲೇ ಹಂಚಿಕೊಂಡುಬಿಟ್ಟಿದ್ದರು. ತರಗತಿಯಲ್ಲಿ ಹುಡುಗಿಯರೇ ಹೆಚ್ಚಿದ್ದರೂ ಅವರ ಪಾಲಿಗೆ ಉಳಿದದ್ದು ಪ್ರಾರ್ಥನೆ ಮತ್ತು ವಂದನಾರ್ಪಣೆ. ಸಭಾಧ್ಯಕ್ಷರ ಸ್ಥಾನಕ್ಕೆ ನಾನೇ ಒಬ್ಬ ವಿದ್ಯಾರ್ಥಿನಿಯ ಹೆಸರು ಸೂಚಿಸಿದಾಗ ಅವಳು ಎದ್ದು ನಿಂತು, "ಬೇಡ ಮಿಸ್, ಅದಕ್ಕೆ ಗಂಡು ದನಿ ಬೇಕು" ಎಂದಳು. ಹದಿನೇಳರ ಹುಡುಗಿಯ ಬಾಯಲ್ಲಿ ಆ ಮಾತು ಕೇಳಿ ನನಗೆ ಸಂಕಟವಾಯಿತು.

ಮರುದಿನ ಮನೆಯಿಂದ ಹುಣಸೆ ಬೀಜ ತೆಗೆದುಕೊಂಡು ಹೋದೆ. ನಮ್ಮ ವಿಧಾನಸಭೆಯ ಸ್ಥಾನಗಳ ಲೆಕ್ಕಕ್ಕೆ ಸರಿಯಾಗಿ ಎಣಿಸಿ 224 ಬೀಜಗಳನ್ನು ಮೇಜಿನ ಮೇಲೆ ಹರಡಿದೆ; ಅವುಗಳಲ್ಲಿ ಹತ್ತನ್ನು, ಚೌಕಾಬಾರ ಆಡುವುದಕ್ಕೆ ಮಾಡಿಕೊಳ್ಳುವಂತೆ, ಹಿಂದಿನ ರಾತ್ರಿಯೇ ಕಲ್ಲಿಗೆ ಉಜ್ಜಿ, ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುವ ಹಾಗೆ ಮಾಡಿಟ್ಟಿದ್ದೆ. 2023ರ ಚುನಾವಣೆಯಲ್ಲಿ ನಮ್ಮ ವಿಧಾನಸಭೆಗೆ ಗೆದ್ದು ಬಂದ ಮಹಿಳೆಯರು ಅಷ್ಟೇ ಮಂದಿ. ಕಂದು ರಾಶಿಯ ನಡುವೆ ಬಿಳಿ ಬೀಜಗಳನ್ನು ಹುಡುಕಿ ತೆಗೆಯುವುದಕ್ಕೆ ಮಕ್ಕಳಿಗೆ ಬಹಳ ಹೊತ್ತೇ ಹಿಡಿಯಿತು. "ಇದರಲ್ಲಿ ನಮ್ಮ ಜಿಲ್ಲೆಯದು ಯಾವುದು ಮಿಸ್?" ಎಂದು ಒಬ್ಬಳು ಕೇಳಿದಳು. ತುಮಕೂರು ಜಿಲ್ಲೆಯ 11 ಕ್ಷೇತ್ರಗಳಿಂದ ಒಂದೂ ಇಲ್ಲವೆಂದೆ. 2008ರ ಉಪಚುನಾವಣೆಯಲ್ಲಿ ಮಧುಗಿರಿಯಿಂದಲೇ ಅನಿತಾ ಕುಮಾರಸ್ವಾಮಿಯವರು ಗೆದ್ದಿದ್ದರೆಂದು ಹೇಳಿದಾಗ ಅದು ಅವರಿಗೆ ಹೊಸ ಸಂಗತಿಯಾಗಿತ್ತು. ಆಗ ಆ ಮಕ್ಕಳಿನ್ನೂ ತೊಟ್ಟಿಲಲ್ಲಿದ್ದವರು.

ಸಂವಿಧಾನದ 189ನೇ ವಿಧಿಯು ಸದನ ನಡೆಯಬೇಕಾದರೆ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗದಷ್ಟಾದರೂ ಹಾಜರಿರಬೇಕೆಂದು ಹೇಳುತ್ತದೆ. ಅಂದರೆ ಆ ಹತ್ತೂ ಜನ ಒಟ್ಟಿಗೆ ಬಂದು ಕುಳಿತರೂ ಕೋರಂ ಆಗುವುದಿಲ್ಲ. ಎಷ್ಟೋ ವರ್ಷಗಳಿಂದ ಈ ವಿಧಿಯನ್ನು ಬೋಧಿಸುತ್ತಿದ್ದ ನನಗೂ ಅದು ಹೊಳೆದದ್ದು ಆ ಬೀಜಗಳನ್ನು ಎಣಿಸುವಾಗಲೇ. ಮೂರನೇ ಒಂದು ಭಾಗ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುವ 106ನೇ ತಿದ್ದುಪಡಿ 2023ರಲ್ಲಿ ಅಂಗೀಕಾರವಾಗಿದೆ. ಆದರೆ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆ ಮುಗಿಯುವವರೆಗೆ ಅದು ಕಾಯಬೇಕು.

ದನಿಯ ಮಾತಿಗೆ ಉತ್ತರವಾಗಿ ನಾನು ಕೆ.ಎಸ್. ನಾಗರತ್ನಮ್ಮನವರ ವಿಷಯ ಹೇಳಿದೆ. ಗುಂಡ್ಲುಪೇಟೆಯಿಂದ ಏಳು ಬಾರಿ ಆರಿಸಿ ಬಂದ ಅವರು 1972ರಿಂದ 1978ರವರೆಗೆ ನಮ್ಮ ವಿಧಾನಸಭೆಯ ಸಭಾಧ್ಯಕ್ಷರಾಗಿದ್ದರು. ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕವೆಂಬ ಹೆಸರು ಬಂದಾಗ ಆ ಪೀಠದಲ್ಲಿದ್ದವರು ಒಬ್ಬ ಹೆಣ್ಣುಮಗಳು. ಪ್ರತಿ ರಾಜ್ಯೋತ್ಸವದ ಭಾಷಣದಲ್ಲಿಯೂ ಹೇಳಬೇಕಾದ ಸಂಗತಿಯಿದು. ನಾನಂತೂ ಯಾವ ವೇದಿಕೆಯಲ್ಲೂ ಕೇಳಿಲ್ಲ. ನಮ್ಮ ಹುಡುಗಿ ಏನೂ ಮಾತಾಡಲಿಲ್ಲ. ಸಂಜೆ ಹೋಗುವಾಗ ಮಾತ್ರ, "ಗಂಟೆ ಯಾವಾಗ ಬಾರಿಸಬೇಕು ಮಿಸ್?" ಎಂದು ಕೇಳಿದಳು.

ಅಧಿವೇಶನದ ದಿನ ಅವಳನ್ನು ಬಿಟ್ಟು ಮೂವತ್ತು ಮಂದಿ ಸದಸ್ಯರಿದ್ದರು. ಪ್ರಶ್ನೋತ್ತರ ವೇಳೆಯಲ್ಲಿ ಗದ್ದಲವೆದ್ದಿತು. ಒಬ್ಬನಂತೂ ಮೇಜಿನ ಮುಂದಕ್ಕೇ ಬಂದು ಕೂಗಾಡತೊಡಗಿದ. ಅವಳು ಗಂಟೆಯ ಮೇಲೆ ಕೈಯಿಟ್ಟಳು, ಆದರೆ ಬಾರಿಸಲಿಲ್ಲ, ಎದ್ದು ನಿಂತಳು. ಸಭಾಧ್ಯಕ್ಷರು ಎದ್ದರೆ ಉಳಿದವರು ಕುಳಿತುಕೊಳ್ಳಬೇಕೆಂಬ ನಿಯಮವನ್ನು ಎಲ್ಲರೂ ಓದಿಕೊಂಡಿದ್ದರಿಂದ ಹುಡುಗರು ಒಬ್ಬೊಬ್ಬರಾಗಿ ಕುಳಿತರು. ವಿಶೇಷ ತರಗತಿಗಳನ್ನು ಸಂಜೆ ಆರರವರೆಗೆ ನಡೆಸಬೇಕೆಂಬ ಪ್ರಸ್ತಾವ ಮತಕ್ಕೆ ಬಂದಾಗ ಪರವಾಗಿ ಹದಿನೈದು, ವಿರುದ್ಧವಾಗಿ ಹದಿನೈದು ಕೈಗಳೆದ್ದವು. ಐದೂವರೆಯ ಬಸ್ಸು ತಪ್ಪಿದರೆ ಊರಿಗೆ ಹೋಗಲು ದಾರಿಯಿಲ್ಲದ ಹುಡುಗಿಯರು ಆ ಸಭೆಯಲ್ಲಿ ಎಷ್ಟೋ ಜನರಿದ್ದರು, ಅವಳೂ ಅವರಲ್ಲೊಬ್ಬಳು. ಸಮಬಲವಾದಾಗ ಮಾತ್ರ ಪೀಠಕ್ಕೆ ನಿರ್ಣಾಯಕ ಮತವಿರುತ್ತದೆ. ಅವಳು ನನ್ನ ಕಡೆ ನೋಡಲಿಲ್ಲ. "ಪೀಠದ ಮತ ವಿರುದ್ಧವಾಗಿದೆ. ಪ್ರಸ್ತಾವವನ್ನು ತಿರಸ್ಕರಿಸಲಾಗಿದೆ" ಎಂದು ತನ್ನ ಸಣ್ಣ ದನಿಯಲ್ಲಿಯೇ, ಕೊನೆಯ ಬೆಂಚಿಗೂ ಕೇಳಿಸುವಂತೆ ಹೇಳಿದಳು.

ಆ ಕೊನೆಯ ಬೆಂಚಿನಲ್ಲಿ ಅವಳ ತಾಯಿ ಕುಳಿತಿದ್ದರು. ಮಹಿಳಾ ಮೀಸಲು ಸ್ಥಾನದಿಂದ ಗ್ರಾಮ ಪಂಚಾಯಿತಿಗೆ ಆಯ್ಕೆಯಾದ ಸದಸ್ಯೆ ಅವರು. ಆದರೆ ಸಭೆಗೆ ಹೋಗುವವರು ಗಂಡ. ಪುಸ್ತಕ ಮನೆಗೇ ಬರುತ್ತದೆ, ಇವರು ರುಜು ಹಾಕಿಕೊಡುತ್ತಾರೆ. ಮಗಳೇ ಇದನ್ನು ನನಗೆ ಹಿಂದೊಮ್ಮೆ ಹೇಳಿದ್ದಳು. ಕಾರ್ಯಕ್ರಮ ಮುಗಿದು, ಮಕ್ಕಳು ಕುರ್ಚಿಗಳನ್ನು ಎತ್ತಿಡುತ್ತಿದ್ದಾಗ ಅವರು ಸೆರಗು ಸರಿಪಡಿಸಿಕೊಳ್ಳುತ್ತಾ ನನ್ನ ಹತ್ತಿರ ಬಂದರು.

"ಮೇಡಂ, ಸೋಮವಾರ ನಮ್ಮ ಪಂಚಾಯಿತಿ ಮೀಟಿಂಗ್ ಇದೆ, ನೋಟಿಸ್ ಬಂದದೆ. ಅಲ್ಲಿ ನಾನು ಕೂತ್ಕೊಳ್ಳೋ ಜಾಗ ಯಾವುದು ಅಂತ ಯಾರನ್ನ ಕೇಳ್ಬೇಕು?"