ನಾಲ್ಕು ಸೆಕೆಂಡಿಗೆ ಬಂದ್ ಆಗುತ್ತಿದ್ದ ಕಂಪ್ಯೂಟರ್

ಜನವರಿ ಬಂತೆಂದರೆ ಕಲಬುರಗಿಯಲ್ಲಿ ತೊಗರಿ ಸುಗ್ಗಿ. ದಾಲ್ ಮಿಲ್‌ಗಳಿಗೆ ಬಿಡುವೇ ಇರುವುದಿಲ್ಲ. ಅಂಥ ದಿನವೇ ಕಪನೂರ ಕಡೆಯ ಒಂದು ಮಿಲ್ಲಿನ ಮುನೀಮರು ಆಫೀಸಿನ ಕಂಪ್ಯೂಟರ್ ತಗೊಂಡು ನನ್ನ ಅಂಗಡಿಗೆ ಬಂದರು. "ತಮ್ಮಾ, ಚಾಲೂ ಆಗ್ತದ, ಫ್ಯಾನ್ ತಿರಗ್ತದ, ಮತ್ತ ಬಂದ್ ಆಗ್ತದ ನೋಡು. ಲೆಕ್ಕ ಎಲ್ಲಾ ಇದರಾಗೇ ಅದ" ಅಂದರು.

ನಾನು ರೂಢಿಯಂತೆ ಶುರು ಮಾಡಿದೆ. ರ‍್ಯಾಮ್ ತೆಗೆದು, ರಬ್ಬರಿನಿಂದ ಉಜ್ಜಿ ಹಾಕಿದೆ. ಮದರ್‌ಬೋರ್ಡ್ ಮೇಲಿನ ಸಣ್ಣ ಸಿಮೋಸ್ ಸೆಲ್ ಅಳೆದೆ, 3 ವೋಲ್ಟ್ ಸರಿಯಾಗಿಯೇ ಇತ್ತು. ಕ್ಯಾಪಾಸಿಟರ್ ಒಂದೂ ಉಬ್ಬಿರಲಿಲ್ಲ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಬಿಡಿಸಿ, 24 ಪಿನ್ನಿನ ಕನೆಕ್ಟರ್‌ನಲ್ಲಿ ಹಸಿರು ವೈರಿಗೂ ಕಪ್ಪು ವೈರಿಗೂ ತಂತಿ ಸೇರಿಸಿದೆ, ಹಾಗೆ ಮಾಡಿದರೆ ಬೋರ್ಡ್ ಇಲ್ಲದೆಯೂ ಅದು ಚಾಲೂ ಆಗುತ್ತದೆ. ಫ್ಯಾನ್ ತಿರುಗಿತು, ಹಳದಿ ವೈರಿನಲ್ಲಿ 11.9 ವೋಲ್ಟ್ ಬಂತು. ಅದು 12 ವೋಲ್ಟಿನ ವೈರು, 11.4ರಿಂದ 12.6ರ ಒಳಗಿದ್ದರೆ ಸಾಕು. ಆದರೆ ಲೋಡ್ ಇಲ್ಲದಾಗ ಸರಿ ಇದ್ದದ್ದು ಲೋಡ್ ಬಿದ್ದಾಗ ಕುಸಿಯಬಹುದು, ಅಲ್ವಾ? ಅದಕ್ಕೆ ಅಂಗಡಿಯ ಒಳ್ಳೆಯ ಎಸ್‌ಎಂಪಿಎಸ್ ಹಾಕಿಯೂ ನೋಡಿದೆ. ಅದೇ ಕಥೆ.

"ಬೋರ್ಡ್ ಹೋಗ್ಯದ ಕಾಕಾ" ಅಂದುಬಿಟ್ಟೆ. ಅವರು ಒಪ್ಪಿ ಹಣ ಕೊಟ್ಟರು. ಅದೇ ಮಾಡೆಲ್ಲಿನ ಹಳೆಯ ಬೋರ್ಡ್ ಒಂದು ಸಿಕ್ಕಿತು. ಕೂಡಿಸಿ ಬಟನ್ ಒತ್ತಿದೆ. ಚಾಲೂ ಆಯಿತು. ಬಂದ್ ಆಯಿತು.

ಎದೆ ಧಸಕ್ ಎಂದಿತು. ಸುಗ್ಗಿ ದಿನದಲ್ಲಿ ಒಬ್ಬರ ಕೆಲಸ ನಿಲ್ಲಿಸಿ, ಬೇಡದ್ದಕ್ಕೆ ದುಡ್ಡು ಹಾಕಿಸಿದ್ದೆ.

ಆ ರಾತ್ರಿ ಯಾವ ಭಾಗವನ್ನೂ ಬಿಚ್ಚಲಿಲ್ಲ. ಬಟನ್ ಒತ್ತುವುದು, ಸುಮ್ನೆ ಗಡಿಯಾರ ನೋಡುವುದು. ನಾಲ್ಕು ಸೆಕೆಂಡ್. ಮತ್ತೆ ನಾಲ್ಕು. ಮತ್ತೆ ನಾಲ್ಕು. ಕೆಟ್ಟ ಬೋರ್ಡ್ ಇಷ್ಟು ಲೆಕ್ಕ ಇಟ್ಟು ಸಾಯುವುದಿಲ್ಲ. ಕಂಪ್ಯೂಟರ್ ಹ್ಯಾಂಗ್ ಆದಾಗ ನಾವು ಪವರ್ ಬಟನ್ ಒತ್ತಿ ಹಿಡಿಯುತ್ತೇವಲ್ಲ, ಆಗಲೂ ಸುಮಾರು ನಾಲ್ಕು ಸೆಕೆಂಡಿಗೇ ಬೋರ್ಡ್ ತನ್ನನ್ನು ಬಂದ್ ಮಾಡಿಕೊಳ್ಳುತ್ತದೆ. ಅಂದರೆ ಯಾರೋ ಬಟನ್ ಒತ್ತಿ ಹಿಡಿದೇ ಇದ್ದಾರೆ!

ಕ್ಯಾಬಿನೆಟ್ ಮುಂಭಾಗದ ಸ್ವಿಚ್ಚಿನಿಂದ ಬೋರ್ಡಿಗೆ ಬರುವ ಎರಡು ವೈರಿನ ಕನೆಕ್ಟರ್ ಕಿತ್ತೆ. ಬೋರ್ಡಿನ ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ತಾಗಿಸಿ ತೆಗೆದೆ. ಐದು ಸೆಕೆಂಡ್, ಹತ್ತು, ಒಂದು ನಿಮಿಷ. ಮಾನಿಟರಿನಲ್ಲಿ ಡಿಸ್‌ಪ್ಲೇ ಬಂತು. ಮಲ್ಟಿಮೀಟರನ್ನು ಬೀಪ್ ಮೋಡಿಗೆ (ಎರಡು ವೈರು ಒಳಗೆ ಕೂಡಿದ್ದರೆ ಸದ್ದು ಮಾಡುತ್ತದೆ) ಇಟ್ಟು ಸ್ವಿಚ್ ಒತ್ತಿ ಬಿಟ್ಟೆ. ಕೈ ತೆಗೆದರೂ ಬೀಪ್ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಬಿಟ್ಟುಕೊಂಡಿತು.

ಸ್ವಿಚ್ ಬಿಚ್ಚಿದರೆ ಒಳಗೆ ತೊಗರಿ ಹೊಟ್ಟಿನ ಧೂಳು. ಸಿಪ್ಪೆ ಬಿಡಿಸುವ ಮೊದಲು ಕಾಳಿಗೆ ಎಣ್ಣೆ ಸವರುತ್ತಾರೆ, ಹಾಗಾಗಿ ಆ ಧೂಳಿಗೂ ಜಿಡ್ಡು. ಬ್ರಷ್ಷಿಗೆ ಉದುರುವ ಮಣ್ಣಿನ ಧೂಳಲ್ಲ ಇದು. ಅಂಟಿನ ಹಾಗೆ ಬಟನ್ನನ್ನು ಒಳಗೇ ಹಿಡಿದಿತ್ತು. ಅಂಥದೇ ಸ್ವಿಚ್ ಕೈಗೆ ಸಿಗಲಿಲ್ಲ. ರೀಸೆಟ್ ಬಟನ್ನಿನ ವೈರನ್ನೇ ಪವರ್ ಪಿನ್ನುಗಳಿಗೆ ಹಾಕಿದೆ. ಎರಡೂ ಒಂದೇ ಥರದ ಒತ್ತಿ ಬಿಡುವ ಸ್ವಿಚ್‌ಗಳು, ಕೆಲಸ ನಡೆಯುತ್ತದೆ.

ಮರುದಿನ ಅವರದೇ ಮೊದಲಿನ ಬೋರ್ಡನ್ನು ಕೂಡಿಸಿ, ಬೋರ್ಡಿನ ಹಣ ವಾಪಸ್ ಕೊಟ್ಟೆ, ತಪ್ಪು ನನ್ನದೇ ಎಂದು ಹೇಳಿದೆ. ಮುನೀಮರು ಬೈಯಲಿಲ್ಲ. ಆ ಒಂದು ದಿನದ ಬಿಲ್ಲುಗಳನ್ನು ಅವರು ಕೈಯಲ್ಲಿ ಬರೆದಿದ್ದರು. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಈಗ ಯಾರೇ ಫೋನ್ ಮಾಡಿದರೂ ಮೊದಲು ಕೇಳುವುದು ಒಂದೇ: ಎಷ್ಟು ಹೊತ್ತಿಗೆ ಬಂದ್ ಆಗ್ತದ? ಫ್ಯಾನ್ ಒಮ್ಮೆ ಅಲುಗಾಡಿ ನಿಂತರೆ ಎಲ್ಲೋ ಶಾರ್ಟ್ ಇರಬಹುದು. ಬೋರ್ಡ್ ಕೆಳಗೆ ಬಿದ್ದ ಸ್ಕ್ರೂ, ಬೋರ್ಡನ್ನು ಎತ್ತಿ ಹಿಡಿಯುವ, ತಪ್ಪು ಜಾಗದಲ್ಲಿ ಕೂತ ಹಿತ್ತಾಳೆ ಸ್ಟ್ಯಾಂಡ್ ಹುಡುಕುತ್ತೇನೆ. ಒಂದೆರಡು ನಿಮಿಷ ಓಡಿ ನಿಂತರೆ ಪ್ರೊಸೆಸರಿನ ಬಿಸಿ ಇಳಿಸುವ ಹೀಟ್‌ಸಿಂಕ್ ಕಡೆ ಹೋಗುತ್ತೇನೆ. ಜೀವವೇ ಇಲ್ಲದಿದ್ದರೆ ಎಸ್‌ಎಂಪಿಎಸ್‌ನ ನೇರಳೆ ವೈರಿನಲ್ಲಿ 5 ವೋಲ್ಟ್ ಬರ್ತಿದೆಯಾ ಎಂದು ಅಳೆಯುತ್ತೇನೆ. ಬಂದ್ ಇದ್ದಾಗಲೂ ಅದು ಬರಲೇಬೇಕು. ನಾಲ್ಕು ಸೆಕೆಂಡ್ ಎಂದರೆ ಅಂಗಡಿಗೆ ತರಬೇಡಿ, ಸ್ಕ್ರೂಡ್ರೈವರ್ ಹಿಡಿದು ನಾನೇ ಬರುತ್ತೇನೆ ಅನ್ನುತ್ತೇನೆ.